ಒಪ್ಪಿಕೊಂಡ ಸೇವೆಯನ್ನು ಉಳಿಸಿಕೊಳ್ಳುವುದು ಹೇಗೆ?

ಕ್ರೈಸ್ತ ಸಭೆಯ ಕೂಟದ ಕೊನೆಯ ದಿನ, ಸೇವೆಗೆ ಒಪ್ಪಿಸಿಕೊಳ್ಳುವವರು ಯಾರು ಎಂದು ಕೇಳಿದಾಗ ಕೈ ಎತ್ತುವುದು ಸುಲಭ. ಹಾಡು ಜೋರಾಗಿರುತ್ತದೆ, ಸಂದೇಶ ಮನಸ್ಸಿಗೆ ತಟ್ಟಿರುತ್ತದೆ, ಪಕ್ಕದಲ್ಲಿದ್ದವರು ಕಣ್ಣು ಒರೆಸಿಕೊಳ್ಳುತ್ತಿರುತ್ತಾರೆ. "ಕರ್ತನೇ, ಇನ್ನು ಮೇಲೆ ನನ್ನ ಜೀವನ ನಿನ್ನದು" ಎನ್ನುತ್ತೇವೆ. ಆ ಹೊತ್ತಿಗೆ ಅದು ನಿಜವೇ, ಯಾರೂ ನಾಟಕ ಮಾಡಿರುವುದಿಲ್ಲ. ಆದರೆ ಮರುದಿನ ಕೆಲಸಕ್ಕೆ ಹೋಗಬೇಕು, ಮಗುವಿಗೆ ಜ್ವರ ಬರುತ್ತದೆ, ಯಾವುದೋ ಬಿಲ್ ಕಟ್ಟುವುದು ಬಾಕಿ ಇರುತ್ತದೆ. ತಿಂಗಳು ಕಳೆಯುವ ಹೊತ್ತಿಗೆ ಕೈ ಎತ್ತಿದ್ದೂ ಮರೆತಿರುತ್ತದೆ. ಮುಂದಿನ ವರ್ಷದ ಕೂಟದಲ್ಲಿ ಮತ್ತೆ ಕೈ ಎತ್ತುತ್ತೇವೆ.

ಇದಕ್ಕೆ ಭಕ್ತಿ ಕಡಿಮೆಯಾಗಿದ್ದೇ ಕಾರಣ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಬಹಳ ಸಲ ಮಾತು ದೊಡ್ಡದಾಗಿರುತ್ತದೆ, ಆದರೆ ಅದಕ್ಕೊಂದು ದಿನ, ಹೊತ್ತು, ಕೆಲಸ ಇರುವುದಿಲ್ಲ. "ಎಲ್ಲವನ್ನೂ ಕೊಡುತ್ತೇನೆ" ಎಂದವರಿಗೆ ಮಂಗಳವಾರ ಸಂಜೆ ಏಳಕ್ಕೆ ಏನು ಕೊಡಬೇಕು ಅಂತ ಗೊತ್ತಿರುವುದಿಲ್ಲ. ಬದ್ಧತೆ ಅಂದರೆ ಒಪ್ಪಿಕೊಂಡ ಚಿಕ್ಕ ಮಾತನ್ನು ಹೇಳಿದ ಹೊತ್ತಿಗೆ ನಡೆಸುವುದು. ಕೆಳಗಿನ ಹೆಜ್ಜೆಗಳು ಅದಕ್ಕಾಗಿ. ಹೊಸದಾಗಿ ನಂಬಿದವರಿಗೆ, ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ ಏನಾದರೂ ಮಾಡಬೇಕು ಅನ್ನುವವರಿಗೆ, ಏನೇನೋ ಒಪ್ಪಿಕೊಂಡು ಈಗ ಸಿಕ್ಕಿಹಾಕಿಕೊಂಡವರಿಗೂ ಇವು ಉಪಯೋಗಕ್ಕೆ ಬರಬಹುದು.

1. ಯಾರಿಗಾಗಿ ಮಾಡುತ್ತಿದ್ದೀರಿ ಅಂತ ಮೊದಲು ತೀರ್ಮಾನಿಸಿ

ರೋಮಾಪುರದವರಿಗೆ ಬರೆದ ಪತ್ರದಲ್ಲಿ ಅಪೊಸ್ತಲ ಪೌಲನು ನಿಮ್ಮನ್ನೇ ಸಜೀವ ಯಜ್ಞವಾಗಿ ಒಪ್ಪಿಸಿಕೊಡಿ ಎಂದು ಕೇಳುವುದು 12ನೇ ಅಧ್ಯಾಯದಲ್ಲಿ. ಅದಕ್ಕೂ ಮೊದಲಿನ ಹನ್ನೊಂದು ಅಧ್ಯಾಯಗಳ ತುಂಬ ಮನುಷ್ಯನಿಗೆ ದೇವರ ಕೃಪೆ ಏಕೆ ಬೇಕು, ದೇವರು ಕ್ರಿಸ್ತನಲ್ಲಿ ಏನು ಮಾಡಿದನು ಎಂಬ ಮಾತೇ. ಈ ಕ್ರಮ ಮುಖ್ಯ. ಸೇವೆ ಮಾಡಿ ದೇವರ ಪ್ರೀತಿ ಗಳಿಸಬೇಕಾಗಿಲ್ಲ. ಪ್ರೀತಿ ಮೊದಲೇ ಸಿಕ್ಕಿದೆ, ಸೇವೆ ಅದಕ್ಕೆ ಕೊಡುವ ಉತ್ತರ. ಇದು ತಲೆಕೆಳಗಾದರೆ ಒಂದು ಭಾನುವಾರ ತಪ್ಪಿದ್ದಕ್ಕೂ ದೇವರು ಸಿಟ್ಟಾದ ಎಂದು ಹೆದರಿ ಓಡಾಡುತ್ತೀರಿ. ಹೆದರಿಕೆಯ ಮೇಲೆ ಸೇವೆ ಜಾಸ್ತಿ ದಿನ ನಿಲ್ಲುವುದಿಲ್ಲ.

ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ. ನಾಳೆ ಪಾಸ್ಟರ್ ವರ್ಗವಾಗಿ ಹೋದರೆ, ನನ್ನ ಹೆಸರನ್ನು ಯಾರೂ ಹೇಳದಿದ್ದರೆ, ಆಗಲೂ ಈ ಕೆಲಸ ಮಾಡುತ್ತೇನಾ? "ಇಲ್ಲ" ಎಂಬ ಉತ್ತರ ಬಂದರೆ ಗಾಬರಿ ಬೇಡ. ಕೆಲವರನ್ನು ಸೇವೆಗೆ ಎಳೆದುಕೊಂಡು ಬರುವುದು ಸ್ನೇಹ, ಕೆಲವರನ್ನು ಹಾಡಿನ ಮೇಲಿನ ಪ್ರೀತಿ. ಅಲ್ಲಿಂದ ಶುರುವಾಗಬಹುದು. ಆದರೆ ಅಲ್ಲೇ ನಿಂತರೆ ಸ್ನೇಹ ಮುರಿದ ದಿನ ಸೇವೆಯೂ ಮುರಿಯುತ್ತದೆ.

ಬೈಬಲ್ಲಿನ ರೂತಳ ಮಾತು ಎಲ್ಲರಿಗೂ ಬಾಯಿಪಾಠ. ಅತ್ತೆ ನೊವೊಮಿಗೆ ನೀನು ಹೋಗುವಲ್ಲಿಗೆ ನಾನೂ ಬರುತ್ತೇನೆ, ನಿನ್ನ ದೇವರೇ ನನ್ನ ದೇವರು ಎಂದವಳು ಅವಳು. ಮದುವೆಗಳಲ್ಲೂ ಈ ವಾಕ್ಯ ಓದುತ್ತಾರೆ. ನನಗೆ ಜಾಸ್ತಿ ಇಷ್ಟವಾಗುವುದು ಅದರ ಮುಂದಿನ ಅಧ್ಯಾಯ. ಅಷ್ಟು ದೊಡ್ಡ ಮಾತಾಡಿದ ರೂತಳು ಅಲ್ಲಿ ಯಾರದೋ ಜವೆಗೋಧಿಯ ಹೊಲದಲ್ಲಿ ಬಗ್ಗಿ, ಕೊಯ್ಯುವವರು ಬಿಟ್ಟ ತೆನೆ ಆಯುತ್ತಿದ್ದಾಳೆ. ಅತ್ತೆಯ ಜೊತೆ ಇರುತ್ತೇನೆ ಅಂದದ್ದಕ್ಕೆ ಆ ದಿನದ ಅರ್ಥ ಅತ್ತೆಗೆ ಊಟ ತರುವುದು, ಅಷ್ಟೇ.

2. ಒಪ್ಪಿಕೊಳ್ಳುವ ಮೊದಲು ಲೆಕ್ಕ ಹಾಕಿ

ಗೋಪುರ ಕಟ್ಟಬೇಕೆನ್ನುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಯೇಸು ಕೇಳಿದನು (ಲೂಕ 14:28). ಲೆಕ್ಕ ಹಾಕುವುದು ನಂಬಿಕೆ ಇಲ್ಲದವರ ಕೆಲಸ ಅಂತ ಕೆಲವರು ತಿಳಿದಿದ್ದಾರೆ. ಆದರೆ ಲೆಕ್ಕ ಹಾಕಿ ಎಂದವನು ಯೇಸುವೇ ಅಲ್ವಾ?

ಮಾಡುವುದು ಹೀಗೆ. ಒಂದು ಹಾಳೆಯಲ್ಲಿ ಏಳು ದಿನದ ಏಳು ಅಂಕಣ ಎಳೆಯಿರಿ. ನಿದ್ದೆ, ಕೆಲಸ, ಓಡಾಟ, ಅಡುಗೆ, ಮಕ್ಕಳ ಓದು, ವಯಸ್ಸಾದ ತಂದೆತಾಯಿಯ ಆರೈಕೆ, ಎಲ್ಲಕ್ಕೂ ಎಷ್ಟು ಹೊತ್ತು ಹೋಗುತ್ತದೆ ಬರೆಯಿರಿ. ನಿಜವಾಗಿ ಹೋಗುವಷ್ಟನ್ನೇ ಬರೆಯಿರಿ, ಹೋಗಬೇಕು ಅಂದುಕೊಂಡಿದ್ದನ್ನಲ್ಲ. ಫೋನ್ ನೋಡುವ ಹೊತ್ತನ್ನೂ ಬಿಡಬೇಡಿ. ಕೊನೆಗೆ ಉಳಿದ ಗಂಟೆಗಳಲ್ಲಿ ಅರ್ಧದಷ್ಟನ್ನು ಮಾತ್ರ ಸೇವೆಗೆ ಒಪ್ಪಿಕೊಳ್ಳಿ. ಉಳಿದರ್ಧ ಹಾಗೇ ಇರಲಿ, ಯಾಕೆಂದರೆ ಮನೆಗೆ ನೆಂಟರು ಬರುತ್ತಾರೆ, ಆರೋಗ್ಯ ಕೆಡುತ್ತದೆ, ಒಮ್ಮೊಮ್ಮೆ ಸುಮ್ನೆ ಕೂರಲೂ ಹೊತ್ತು ಬೇಕಾಗುತ್ತದೆ.

ಕಣ್ಣಿಗೆ ಕಾಣದ ಗಂಟೆಗಳನ್ನೂ ಸೇರಿಸಿ. ಸಂಡೇ ಸ್ಕೂಲ್ ಕ್ಲಾಸ್ ಮುಕ್ಕಾಲು ಗಂಟೆ ಇರಬಹುದು. ಆದರೆ ಪಾಠ ಓದಬೇಕು, ಚಿತ್ರ ಕತ್ತರಿಸಬೇಕು, ಬರದ ಮಕ್ಕಳ ಮನೆಗೆ ಫೋನ್ ಮಾಡಬೇಕು. ಕ್ವಾಯರ್‌ನಲ್ಲಿ ಹಾಡುವುದು ಹತ್ತು ನಿಮಿಷ, ಪ್ರಾಕ್ಟೀಸ್ ವಾರಕ್ಕೊಂದು ಸಂಜೆ. ಆಸ್ಪತ್ರೆಗೆ ಹೋಗಿ ಒಬ್ಬರಿಗಾಗಿ ಪ್ರಾರ್ಥಿಸುವುದು ಐದು ನಿಮಿಷದ ಕೆಲಸ ಅನ್ನಿಸುತ್ತದೆ, ಹೋಗಿ ಬರುವುದರಲ್ಲಿ ಅರ್ಧ ದಿನ ಮುಗಿದಿರುತ್ತದೆ. ಈಗಾಗಲೇ ಆ ಕೆಲಸ ಮಾಡುತ್ತಿರುವವರನ್ನು ಕೇಳಿ: "ಅಕ್ಕಾ, ಒಟ್ಟು ಎಷ್ಟು ಹೊತ್ತು ಹಿಡಿಯುತ್ತೆ?" ಅವರಿಗಷ್ಟೇ ಸರಿಯಾದ ಉತ್ತರ ಗೊತ್ತಿರುವುದು.

ಮನೆಯವರ ಜೊತೆ ಮಾತಾಡದೆ ಯಾವುದಕ್ಕೂ ಹೂಂ ಅನ್ನಬೇಡಿ. ಒಬ್ಬರು ಸೇವೆಗೆ ಹೋದಾಗ ಮನೆಯಲ್ಲಿ ಇನ್ನೊಬ್ಬರು ಆ ಹೊತ್ತಿನ ಕೆಲಸ ಹೊರುತ್ತಾರೆ. ಹಾಗೆ ಹೊರುವವರೂ ಸೇವೆಯ ಪಾಲುದಾರರೇ, ಆದರೆ ಅವರನ್ನು ಯಾರೂ ಕೇಳಿರುವುದಿಲ್ಲ.

ಲೆಕ್ಕ ಸರಿಹೊಂದದಿದ್ದರೆ ಇಲ್ಲ ಅನ್ನಿ. ಹರಕೆ ಹೊತ್ತು ತೀರಿಸದೆ ಇರುವುದಕ್ಕಿಂತ ಹರಕೆ ಹೊರದೆ ಇರುವುದೇ ಮೇಲು ಎಂದು ಬೈಬಲ್ಲಿನ ಪ್ರಸಂಗಿ ಎಂಬ ಪುಸ್ತಕ ಹೇಳುತ್ತದೆ (5:5). "ದೇವರ ಕೆಲಸಕ್ಕೆ ಇಲ್ಲ ಅನ್ನಬಾರದು ಬ್ರದರ್" ಎಂದು ಯಾರಾದರೂ ಒತ್ತಾಯ ಮಾಡಬಹುದು. ಮೆತ್ತಗೆ ಹೀಗೆ ಹೇಳಿ: "ಈಗ ಒಪ್ಪಿಕೊಂಡರೆ ಅರ್ಧಕ್ಕೇ ಬಿಡಬೇಕಾಗುತ್ತೆ. ಮುಂದಿನ ವರ್ಷ ಕೇಳಿ, ಆಗ ನೋಡಿ ಹೇಳ್ತೀನಿ." ಇದಕ್ಕಿಂತ ಜಾಸ್ತಿ ವಿವರಣೆ ಕೊಡಬೇಕಿಲ್ಲ. ಯೇಸು ಹೇಳಿದ ಇಬ್ಬರು ಮಕ್ಕಳ ಸಾಮ್ಯ ನೆನಪಿದೆಯಲ್ಲ (ಮತ್ತಾಯ 21)? ತೋಟಕ್ಕೆ ಹೋಗುವುದಿಲ್ಲ ಎಂದವನು ಆಮೇಲೆ ಮನಸ್ಸು ಬದಲಿಸಿಕೊಂಡು ಹೋದ. ಹೋಗುತ್ತೇನೆ ಅಪ್ಪಾ ಎಂದವನು ಹೋಗಲೇ ಇಲ್ಲ. ತಂದೆಯ ಮಾತು ನಡೆಸಿದವನು ಮೊದಲನೆಯವನೇ.

3. ದೇವರ ಜೊತೆಗಿನ ಹೊತ್ತನ್ನು ಮೊದಲು ಗಟ್ಟಿ ಮಾಡಿ

ಸೇವೆಗೆ ಸೇರುವ ಮೊದಲೇ ಇದು ಆಗಬೇಕು. ಸೇರಿದ ಮೇಲೆ ಮಾಡೋಣ ಅಂದರೆ ಆಗುವುದಿಲ್ಲ, ಆಗ ಹೊತ್ತು ಇನ್ನೂ ಕಡಿಮೆ ಇರುತ್ತದೆ.

ರಾಜನನ್ನು ಬಿಟ್ಟು ಬೇರೆ ಯಾರಿಗೂ ಪ್ರಾರ್ಥಿಸಬಾರದು ಎಂಬ ಆಜ್ಞೆ ಹೊರಟಾಗ ದಾನಿಯೇಲನು ಮನೆಗೆ ಹೋಗಿ, ಯೆರೂಸಲೇಮಿನ ಕಡೆಗೆ ತೆರೆದಿದ್ದ ಕಿಟಕಿಯ ಹತ್ತಿರ ದಿನಕ್ಕೆ ಮೂರು ಸಲ ಮೊಣಕಾಲೂರಿ ಪ್ರಾರ್ಥಿಸಿದನು (ದಾನಿಯೇಲ 6:10). ಅದೇ ವಚನದ ಕೊನೆಯಲ್ಲಿ ಇದು ಅವನ ಮೊದಲಿನಿಂದಲೂ ಇದ್ದ ಪದ್ಧತಿ ಎಂಬ ಮಾತಿದೆ. ಆಜ್ಞೆ ಮೀರಿದರೆ ಸಿಂಹದ ಗವಿಗೆ ಹಾಕುತ್ತಾರೆಂಬ ಭಯ ಬಂದ ದಿನ ಅವನು ಹೊಸದೇನನ್ನೂ ಶುರು ಮಾಡಲಿಲ್ಲ. ದಿನಾ ಮಾಡುತ್ತಿದ್ದುದನ್ನು ನಿಲ್ಲಿಸಲಿಲ್ಲ, ಅಷ್ಟೇ.

ಹದಿನೈದು ನಿಮಿಷದಿಂದ ಶುರು ಮಾಡಿ. ಜಾಗ ಒಂದೇ ಇರಲಿ, ಹೊತ್ತೂ ಒಂದೇ ಇರಲಿ. ಫೋನ್ ಬೇರೆ ಕೋಣೆಯಲ್ಲಿರಲಿ, ಆಪ್‌ನಲ್ಲಿ ಬೈಬಲ್ ಓದುವ ಅಭ್ಯಾಸ ಇದ್ದವರು ಆ ಹೊತ್ತಿಗೆ ಮಾತ್ರ ಪುಸ್ತಕ ತೆರೆಯುವುದು ಒಳ್ಳೆಯದು. ಎಲ್ಲಿಂದ ಓದಬೇಕು ಅಂತ ತಿಳಿಯದಿದ್ದರೆ ಮಾರ್ಕನ ಸುವಾರ್ತೆ ಹಿಡಿಯಿರಿ. ಹದಿನಾರೇ ಅಧ್ಯಾಯ, ದಿನಕ್ಕೊಂದರಂತೆ ಹದಿನಾರು ದಿನ. ಆಮೇಲೆ ಕೀರ್ತನೆಗಳಿಗೆ ಬನ್ನಿ. ಓದಿದ್ದರಲ್ಲಿ ಮನಸ್ಸಿಗೆ ತಾಗಿದ ಒಂದು ಸಾಲು ಬರೆದಿಡಿ, ಮೂರ್ನಾಲ್ಕು ಹೆಸರುಗಳಿಗಾಗಿ ಪ್ರಾರ್ಥಿಸಿ, ಏಳಿ.

ಒಂದು ದಿನ ತಪ್ಪಿದರೆ ಮರುದಿನ ಎರಡು ದಿನದ್ದು ಓದಲು ಹೋಗಬೇಡಿ. ಬಾಕಿ ಬೆಳೆಯುತ್ತಾ ಹೋದರೆ ಬೈಬಲ್ ಕಂಡರೆ ಸಾಲ ಕೊಟ್ಟವನನ್ನು ಕಂಡ ಹಾಗಾಗುತ್ತದೆ. ತಪ್ಪಿದ್ದನ್ನು ಬಿಟ್ಟು ಆ ದಿನದ್ದನ್ನು ಓದಿ. ಹಾಲು ಕುಡಿಯುವ ಮಗು ಇರುವ ತಾಯಂದಿರು, ನೈಟ್ ಶಿಫ್ಟ್ ಇರುವವರು ಬೆಳಗಿನ ಹೊತ್ತೇ ಪವಿತ್ರ ಅನ್ನುವ ಮಾತಿಗೆ ಕಿವಿಗೊಡಬೇಕಾಗಿಲ್ಲ. ಮಗು ಮಲಗಿದ ಹೊತ್ತು, ಊಟದ ಬಿಡುವು, ಯಾವುದಾದರೂ ಸರಿ.

ಮಾರ್ಕನ ಮೊದಲ ಅಧ್ಯಾಯದಲ್ಲಿ ಒಂದು ರಾತ್ರಿಯ ವಿವರ ಬರುತ್ತದೆ, ಸೇವೆಯಲ್ಲಿರುವವರು ನಿಧಾನವಾಗಿ ಓದಬೇಕಾದದ್ದು. ಸೂರ್ಯ ಮುಳುಗಿದ ಮೇಲೆ ಕಪೆರ್ನೌಮ್ ಊರಿಗೆ ಊರೇ ಬಾಗಿಲ ಬಳಿ ಸೇರಿತ್ತು, ಯೇಸು ಅನೇಕರನ್ನು ವಾಸಿಮಾಡಿದನು. ಬೆಳಗಾಗುವ ಮೊದಲೇ, ಇನ್ನೂ ಕತ್ತಲಿರುವಾಗ, ಎದ್ದು ಯಾರೂ ಇಲ್ಲದ ಕಡೆಗೆ ಹೋಗಿ ಪ್ರಾರ್ಥಿಸುತ್ತಿದ್ದನು. ಶಿಷ್ಯ ಸೀಮೋನನೂ ಜೊತೆಯವರೂ ಹುಡುಕಿಕೊಂಡು ಬಂದು, ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಎಂದರು. ನಮ್ಮಲ್ಲಿ ಯಾರಾದರೂ ಆಗಿದ್ದರೆ ಓಡಿ ವಾಪಸ್ ಹೋಗುತ್ತಿದ್ದೆವು. ಆತನು ಬೇರೆ ಊರುಗಳಿಗೆ ಹೋಗೋಣ ಬನ್ನಿ ಎಂದನು. ಕಾಯುತ್ತಿದ್ದ ಜನರ ಬೇಡಿಕೆ ಸುಳ್ಳಾಗಿರಲಿಲ್ಲ. ಆದರೂ ತಾನು ಬಂದದ್ದು ಯಾವುದಕ್ಕೆ ಎಂಬುದು ಆತನಿಗೆ ಸ್ಪಷ್ಟವಾಗಿತ್ತು.

4. ಒಂದೇ ಕೆಲಸ ಹಿಡಿಯಿರಿ, ಅದಕ್ಕೊಂದು ಕೊನೆಯ ದಿನ ಇರಲಿ

ಪ್ರತಿ ಸಭೆಯಲ್ಲೂ ನಾಲ್ಕೈದು ಕೆಲಸ ಒಟ್ಟಿಗೆ ಹಿಡಿದುಕೊಂಡವರು ಒಬ್ಬರಾದರೂ ಇರುತ್ತಾರೆ. ಕ್ವಾಯರ್, ಯೌವನಸ್ಥರ ಕೂಟ, ಲೆಕ್ಕಪತ್ರ, ಮೈಕ್ ಸೆಟ್, ಎಲ್ಲಕ್ಕೂ ಅವರೇ. ಎಲ್ಲರೂ ಹೊಗಳುತ್ತಾರೆ. ಒಂದು ದಿನ ಅವರು ಎಲ್ಲವನ್ನೂ ಒಟ್ಟಿಗೆ ಬಿಟ್ಟು ಹೋಗುತ್ತಾರೆ, ಆಗ ಎಲ್ಲರೂ ಬೈಯುತ್ತಾರೆ. ಎರಡೂ ತಪ್ಪು ಎಂದೇ ನನ್ನ ಅಭಿಪ್ರಾಯ.

ಒಂದು ಕೆಲಸ ಆರಿಸಿ. ಯಾವುದನ್ನು ಆರಿಸಬೇಕು ಎಂಬುದಕ್ಕೆ ಬೈಬಲ್ಲಿನ ನೆಹೆಮೀಯನ ಪುಸ್ತಕದ 3ನೇ ಅಧ್ಯಾಯ ಓದಿ. ಅದು ಬರೀ ಹೆಸರುಗಳ ಪಟ್ಟಿ ಅಂತ ಬಹಳ ಜನ ಹಾರಿಸಿಬಿಡುತ್ತಾರೆ. ಯೆರೂಸಲೇಮಿನ ಗೋಡೆ ಕಟ್ಟಿದವರಲ್ಲಿ ಯಾಜಕರಿದ್ದರು, ಅಕ್ಕಸಾಲಿಗರಿದ್ದರು, ಸುಗಂಧದ್ರವ್ಯ ಮಾಡುವವರಿದ್ದರು. ಶಲ್ಲೂಮ ಎಂಬವನು ತನ್ನ ಹೆಣ್ಣುಮಕ್ಕಳ ಜೊತೆ ಸೇರಿ ಕಟ್ಟಿದನು. ಹಲವರು ಕಟ್ಟಿದ್ದು ತಮ್ಮ ತಮ್ಮ ಮನೆಯ ಎದುರಿನ ಭಾಗವನ್ನು. ತೆಕೋವದ ಊರಿನ ಶ್ರೀಮಂತರು ಕೆಲಸಕ್ಕೆ ಹೆಗಲು ಕೊಡಲಿಲ್ಲ ಎಂದೂ ಅಲ್ಲಿ ಬರೆದಿದೆ. ಆದರೆ ಅದೇ ಊರಿನ ಸಾಮಾನ್ಯ ಜನ ತಮ್ಮ ಪಾಲು ಮುಗಿಸಿ ಇನ್ನೊಂದು ಭಾಗವನ್ನೂ ಕಟ್ಟಿದರು. ಗೋಡೆ 52 ದಿನದಲ್ಲಿ ಮುಗಿಯಿತು. ಹಾಗಾಗಿ ಆರಿಸುವಾಗ ನಿಮ್ಮ ಮನೆಯ ಎದುರಿಗೇ ಬಿದ್ದಿರುವುದನ್ನು ಮೊದಲು ನೋಡಿ. ನಿಮ್ಮ ಸಾಲಿನಲ್ಲಿ ಕೂರುವ ಒಂಟಿ ಅಜ್ಜಿ, ನೀವು ಕೆಲಸದಲ್ಲಿ ದಿನಾ ಮಾಡುವ ಲೆಕ್ಕಪತ್ರ, ನಿಮ್ಮ ಮಕ್ಕಳ ವಯಸ್ಸಿನ ಇತರ ಮಕ್ಕಳು. ವೇದಿಕೆ ಮೇಲಿನ ಕೆಲಸಕ್ಕೆ ಜನ ಸಿಗುತ್ತಾರೆ. ಕುರ್ಚಿ ಜೋಡಿಸುವುದಕ್ಕೆ ಸಿಗುವುದು ಕಷ್ಟ.

ಆರಿಸಿದ ಮೇಲೆ ಬರೆದುಕೊಳ್ಳಿ. ಹೀಗಿದ್ದರೆ ಸಾಕು:

"ಜೂನ್‌ನಿಂದ ನವೆಂಬರ್‌ವರೆಗೆ, ತಿಂಗಳ ಮೊದಲ ಮತ್ತು ಮೂರನೇ ಭಾನುವಾರ, ಚಿಕ್ಕ ಮಕ್ಕಳ ಕ್ಲಾಸ್ ತೆಗೆದುಕೊಳ್ಳುತ್ತೇನೆ. ಕಾಲು ಗಂಟೆ ಮೊದಲೇ ಬಂದಿರುತ್ತೇನೆ. ಬರಲಾಗದಿದ್ದರೆ ಶುಕ್ರವಾರದೊಳಗೆ ಸಂಡೇ ಸ್ಕೂಲ್ ನೋಡಿಕೊಳ್ಳುವ ಅಕ್ಕನಿಗೆ ಹೇಳುತ್ತೇನೆ. ನವೆಂಬರ್ ಕೊನೆಯಲ್ಲಿ ಮುಂದುವರಿಸಬೇಕೋ ಬೇಡವೋ ಮಾತಾಡೋಣ."

ಇದರ ಒಂದು ಪ್ರತಿ ನಿಮ್ಮ ಬೈಬಲ್‌ನಲ್ಲಿ, ಇನ್ನೊಂದು ಆ ಅಕ್ಕನ ಹತ್ತಿರ. ಸೇವೆಗೂ ಕರಾರು ಪತ್ರವಾ ಅಂತ ನಗುವವರು ನಗಲಿ. ಬರೆಯದೇ ಇದ್ದಾಗ ನೀವು "ಆಗಾಗ ಸಹಾಯ ಮಾಡುತ್ತೇನೆ" ಅಂದಿರುತ್ತೀರಿ, ಅವರು "ಪ್ರತಿ ವಾರ ಬರುತ್ತಾರೆ" ಅಂದುಕೊಂಡಿರುತ್ತಾರೆ. ಸಭೆಯೊಳಗಿನ ಎಷ್ಟೋ ಮನಸ್ತಾಪಗಳ ಬೇರು ಇಷ್ಟೇ.

ಕೊನೆಯ ದಿನ ಯಾಕೆ ಬೇಕು? ಕೊನೆಯೇ ಕಾಣದ ಕೆಲಸವನ್ನು ಮನಸ್ಸು ಹೊರೆ ಅಂದುಕೊಳ್ಳುತ್ತದೆ. ಇಸ್ರಾಯೇಲ್ಯರ ಆರಾಧನೆಯ ಜಾಗವಾಗಿದ್ದ ದೇವದರ್ಶನದ ಗುಡಾರದ ಸೇವೆ ಮಾಡುತ್ತಿದ್ದ ಲೇವಿ ಕುಲದವರಿಗೂ ವಯಸ್ಸಿನ ಮಿತಿ ಇತ್ತು: 25ಕ್ಕೆ ಸೇವೆಗೆ ಸೇರುತ್ತಿದ್ದರು, 50ಕ್ಕೆ ಬಿಡುತ್ತಿದ್ದರು. ಆಮೇಲೆ ಸಹೋದರರಿಗೆ ನೆರವಾಗಬಹುದಿತ್ತು, ಆದರೆ ಹೊಣೆಯ ಕೆಲಸ ಮಾಡಬೇಕಿರಲಿಲ್ಲ (ಅರಣ್ಯಕಾಂಡ 8:24-26). ದೇವರ ಮೇಲಿನ ನಂಬಿಕೆಗೆ ಗಡುವಿಲ್ಲ. ಮಕ್ಕಳ ಕ್ಲಾಸಿಗೆ ಇರಬಹುದು.

ಹಣದ ವಿಷಯವೂ ಇದೇ ಜಾತಿಯದು. ಕೊರಿಂಥದವರಿಗೆ ಪೌಲನು ಪ್ರತಿ ವಾರದ ಮೊದಲ ದಿನ ತಮ್ಮ ಆದಾಯಕ್ಕೆ ತಕ್ಕಂತೆ ತೆಗೆದಿಡಿ ಎಂದು ಬರೆದನು (1 ಕೊರಿಂಥ 16:2). ಮನಸ್ಸು ಕರಗಿದ ದಿನ ಕೈಗೆ ಬಂದಷ್ಟು ಕೊಡುವುದಕ್ಕಿಂತ ಚಿಕ್ಕ ಮೊತ್ತವನ್ನು ತಪ್ಪದೆ ಕೊಡುವುದು ಸಭೆಗೂ ಅನುಕೂಲ, ನಿಮಗೂ ಅನುಕೂಲ.

5. ಬರಲಾಗದ ದಿನ ಏನು ಮಾಡಬೇಕು

ಬದ್ಧತೆ ಕಾಣಿಸುವುದು ಬಂದ ದಿನಕ್ಕಿಂತ ಜಾಸ್ತಿ ಬಾರದ ದಿನ. ಭಾನುವಾರ ಬೆಳಿಗ್ಗೆ ಆರಾಧನೆಗೆ ಕಾಲು ಗಂಟೆ ಇದೆ ಅನ್ನುವಾಗ ಗ್ರೂಪ್‌ನಲ್ಲಿ ಒಂದು ಮೆಸೇಜ್ ಬೀಳುತ್ತದೆ: "ಸಾರಿ ಸಿಸ್ಟರ್, ಇವತ್ತು ಬರೋಕಾಗ್ತಿಲ್ಲ, ಪ್ರೇ ಮಾಡಿ." ಕೆಳಗೆ ಕೈ ಮುಗಿದ ಚಿತ್ರ. ಅಷ್ಟು ಹೊತ್ತಿಗೆ ಮಕ್ಕಳು ಬಂದು ಕೂತಾಗಿದೆ. ಬಣ್ಣದ ಪೆನ್ಸಿಲ್ ಇರುವ ಬೀರುವಿನ ಕೀ ಬಾರದವರ ಬ್ಯಾಗ್‌ನಲ್ಲಿದೆ. ದೊಡ್ಡ ಮಕ್ಕಳ ಕ್ಲಾಸಿನ ಅಕ್ಕ ಎರಡೂ ಗುಂಪು ಸೇರಿಸಿಕೊಂಡು ಏನೋ ಒಂದು ಹಾಡು ಹಾಡಿಸುತ್ತಾರೆ. ಹಿಂದಿನ ವಾರ "ಮುಂದಿನ ಕಥೆ ಬರುವ ಭಾನುವಾರ ಹೇಳ್ತೀನಿ" ಎಂದಿದ್ದನ್ನು ನೆನಪಿಟ್ಟುಕೊಂಡು ಬಂದ ಹುಡುಗ ಬಾಗಿಲ ಕಡೆ ನೋಡುತ್ತಾ ಕೂತಿರುತ್ತಾನೆ.

ಇದು ಎರಡು ಮೂರು ಸಲ ಆದರೆ ಆ ಹುಡುಗ ಕಲಿಯುವ ಪಾಠವೇ ಬೇರೆ. ದೇವರು ಮಾತು ತಪ್ಪುವವನಲ್ಲ ಎಂದು ನಾವು ಅವನಿಗೆ ಹೇಳಿಕೊಟ್ಟಿರುತ್ತೇವೆ. ಆದರೆ ಅವನಿಗೆ ಸದ್ಯಕ್ಕೆ ಕಾಣುತ್ತಿರುವುದು ನಾವು.

ಹಾಗಾಗಿ ಮೊದಲೇ ಕೆಲವು ಏರ್ಪಾಡು ಮಾಡಿಕೊಳ್ಳಿ. ನಿಮ್ಮ ಬದಲಿಗೆ ನಿಲ್ಲಬಲ್ಲವರು ಇಬ್ಬರಾದರೂ ಇರಲಿ, ಅವರಿಗೆ ಕೆಲಸ ಗೊತ್ತಿರಲಿ. ಕೀ, ಪುಸ್ತಕ, ಹಾಜರಿ ಪಟ್ಟಿ ನಿಮ್ಮ ಬ್ಯಾಗ್‌ನಲ್ಲಲ್ಲ, ಸಭೆಯಲ್ಲೇ ಇರಲಿ. ಬರಲಾಗದು ಎಂದು ಗೊತ್ತಾದ ತಕ್ಷಣ ಹೇಳಿ. ಗುರುವಾರವೇ ಗೊತ್ತಿದ್ದು ಭಾನುವಾರ ಹೇಳುವುದು ಸಂಕೋಚವಲ್ಲ, ಅಸಡ್ಡೆ. ಗ್ರೂಪ್‌ನಲ್ಲಿ ಹಾಕಿ ಸುಮ್ಮನಾಗಬೇಡಿ, ಜವಾಬ್ದಾರಿ ಇರುವವರಿಗೆ ನೇರ ಫೋನ್ ಮಾಡಿ. ಆ ದಿನದ ಪಾಠವನ್ನು ಒಂದು ಪುಟದಲ್ಲಿ ಬರೆದು ಕಳಿಸಿ. ಕಾರಣ ಉದ್ದುದ್ದ ಹೇಳಬೇಕಿಲ್ಲ, ನಿಜ ಇದ್ದರೆ ಸಾಕು. ನಿಮ್ಮ ಹೌದು ಹೌದಾಗಿರಲಿ, ಅಲ್ಲ ಅಲ್ಲವಾಗಿರಲಿ ಎಂಬ ಯೇಸುವಿನ ಮಾತು (ಮತ್ತಾಯ 5:37) ಇಂಥ ಫೋನ್‌ಗಳಿಗೂ ಅನ್ವಯಿಸುತ್ತದೆ. ದಣಿವಾಗಿದ್ದರೆ ದಣಿವಾಗಿದೆ ಅನ್ನಿ, ಹೊಟ್ಟೆನೋವಿನ ಕಥೆ ಬೇಡ.

ಮುಂದಿನ ವಾರ ಆ ಹುಡುಗನ ಹತ್ತಿರವೂ ಹೇಳಿ: "ಹೋದ ವಾರ ಬರೋಕಾಗಲಿಲ್ಲ ಪುಟ್ಟಾ, ಕಾದಿದ್ದೆಯಾ?" ಮಕ್ಕಳ ಹತ್ತಿರ ಕ್ಷಮೆ ಕೇಳಿದರೆ ಯಾರ ಗೌರವವೂ ಕಡಿಮೆಯಾಗುವುದಿಲ್ಲ.

6. ಮನಸ್ಸಿಲ್ಲದ ತಿಂಗಳುಗಳನ್ನು ದಾಟುವುದು

ಇವು ಬಂದೇ ಬರುತ್ತವೆ. ಪ್ರಾರ್ಥನೆ ಒಣಗಿದಂತೆ ಅನ್ನಿಸುತ್ತದೆ, ಸೇವೆ ಯಾಂತ್ರಿಕವಾಗುತ್ತದೆ, ಫಲ ಕಾಣುವುದಿಲ್ಲ.

ಇಂಥ ಹೊತ್ತಿನಲ್ಲಿ ಮಿಷನರಿಗಳ ಕಥೆ ಹೇಳುವುದು ರೂಢಿ. ಚಪ್ಪಲಿ ಹೊಲಿಯುತ್ತಿದ್ದ ವಿಲಿಯಂ ಕೇರಿ 1793ರಲ್ಲಿ ಬಂಗಾಳಕ್ಕೆ ಬಂದರು. ಮೊದಲ ಬಂಗಾಳಿ ವಿಶ್ವಾಸಿ ಕೃಷ್ಣ ಪಾಲ್ ದೀಕ್ಷಾಸ್ನಾನ ಪಡೆದದ್ದು 1800ರ ಡಿಸೆಂಬರ್‌ನಲ್ಲಿ, ಅಂದರೆ ಏಳು ವರ್ಷ ಕಾದ ಮೇಲೆ. 1812ರ ಮಾರ್ಚ್‌ನಲ್ಲಿ ಸೆರಾಂಪುರದ ಅಚ್ಚುಮನೆಗೆ ಬೆಂಕಿ ಬಿದ್ದು ಹಸ್ತಪ್ರತಿಗಳು, ಅಚ್ಚಿನ ಮೊಳೆಗಳು ಸುಟ್ಟುಹೋದವು. ಮತ್ತೆ ಮೊದಲಿನಿಂದ ಕೂತರು. ಬರ್ಮಾಕ್ಕೆ 1813ರಲ್ಲಿ ಹೋದ ಅಡೋನಿರಾಮ್ ಜಡ್ಸನ್ ಕೂಡ ಮೊದಲ ಬರ್ಮೀ ವಿಶ್ವಾಸಿಯನ್ನು ಕಾಣಲು ಆರು ವರ್ಷ ಕಾದರು. ಕಿಟ್ಟೆಲ್ ನಮಗೆಲ್ಲ ಗೊತ್ತಿರುವವರೇ. ಬಾಸೆಲ್ ಮಿಷನ್‌ನಿಂದ ಬಂದದ್ದು 1853ರಲ್ಲಿ, ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ.

ಇವೆಲ್ಲ ನಿಜ, ಹೇಳಬೇಕಾದವೇ. ಆದರೆ ಈ ಕಥೆಗಳನ್ನು ದಣಿದವರನ್ನು ನಾಚಿಸಲು ಬಳಸುವುದು ನನಗೆ ಒಪ್ಪಿಗೆಯಿಲ್ಲ. ಕೇರಿಯವರ ಕಥೆ ಹೇಳುವವರು ಅವರ ಹೆಂಡತಿ ಡೊರೊಥಿಯ ಬಗ್ಗೆಯೂ ಹೇಳಬೇಕು. 1794ರಲ್ಲಿ ಅವರ ಪುಟ್ಟ ಮಗ ಪೀಟರ್ ತೀರಿಕೊಂಡ. ಡೊರೊಥಿಯ ಮನಸ್ಸಿನ ಆರೋಗ್ಯ ಕೆಟ್ಟಿತು, 1807ರಲ್ಲಿ ಸಾಯುವವರೆಗೂ ಸರಿಯಾಗಲಿಲ್ಲ. ಆ ಸೇವೆಯ ಬೆಲೆಯಲ್ಲಿ ಅವರ ಪಾಲೂ ಇದೆ. ನಿಮ್ಮ ಬದ್ಧತೆಯ ಬೆಲೆಯನ್ನು ಮನೆಯಲ್ಲಿ ಇನ್ಯಾರೋ ಕಟ್ಟುತ್ತಿದ್ದಾರಾ ಎಂದು ಆಗಾಗ ನೋಡಿಕೊಳ್ಳಿ.

ಮೊದಲು ಇದು ಬೇಸರವೋ, ದಣಿವೋ, ಗಾಯವೋ ಅಂತ ಗುರುತಿಸಿ. ಮೂರಕ್ಕೂ ಮದ್ದು ಬೇರೆ ಬೇರೆ.

ಬೇಸರ ಅಂದರೆ ಕೆಲಸ ಹಳೆಯದಾಗಿದೆ, ಆದರೆ ಮೈಮನಸ್ಸು ಗಟ್ಟಿಯಾಗಿದೆ. ಇಲ್ಲಿ ಗಡುವಿನವರೆಗೆ ಮುಂದುವರಿಯಿರಿ. ಮನಸ್ಸಿಲ್ಲದೆ ಮಾಡುವುದು ಕಪಟವಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ಮನಸ್ಸಿಲ್ಲದಿದ್ದರೂ ಮಗುವಿಗೆ ಊಟ ಮಾಡಿಸುವ ತಾಯಿಯನ್ನು ಯಾರೂ ಕಪಟಿ ಅನ್ನುವುದಿಲ್ಲ.

ದಣಿವಾಗಿದ್ದರೆ 1 ಅರಸುಗಳು 19 ಓದಿ. ಸಾಯಲು ಬೇಡಿಕೊಂಡು ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತನು ಉಪದೇಶ ಮಾಡಲಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಟ್ಟನು. ಎಲೀಯ ತಿಂದು ಮತ್ತೆ ಮಲಗಿದನು. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದನು. ದೇವರ ಜೊತೆಗಿನ ಮಾತುಕತೆ ನಡೆದದ್ದು ಅದೆಲ್ಲ ಆದ ಮೇಲೆ, ಹೋರೇಬ್ ಬೆಟ್ಟದಲ್ಲಿ. ದಣಿದವರು ಇನ್ನೊಂದು ಉಪವಾಸ ಕೂಟಕ್ಕೆ ಹೆಸರು ಕೊಡುವ ಮೊದಲು ಒಂದು ವಾರ ಸರಿಯಾಗಿ ನಿದ್ದೆ ಮಾಡಲಿ. ತಿಂಗಳುಗಟ್ಟಲೆ ನಿದ್ದೆ ಬರದೆ, ಯಾವುದರಲ್ಲೂ ರುಚಿಯೇ ಇಲ್ಲದಿದ್ದರೆ ಡಾಕ್ಟರನ್ನು ಕಾಣಿ. ಅದರಲ್ಲಿ ಅಪನಂಬಿಕೆಯ ಮಾತಿಲ್ಲ.

ಗಾಯ ಅಂದರೆ ಸಭೆಯೊಳಗೆ ಯಾರೋ ನೋಯಿಸಿದ್ದಾರೆ. ಇದನ್ನು ಮುಚ್ಚಿಟ್ಟುಕೊಂಡು ಸೇವೆ ಮಾಡಿದರೆ ಸಿಟ್ಟು ಬೇರೆ ಎಲ್ಲೋ ಹೊರಗೆ ಬರುತ್ತದೆ, ಹೆಚ್ಚಾಗಿ ಮನೆಯಲ್ಲಿ. ನೋಯಿಸಿದವರ ಹತ್ತಿರ ಒಬ್ಬರೇ ಹೋಗಿ ಮಾತಾಡಿ, ಆಗದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಮತ್ತಾಯ 18ರಲ್ಲಿ ಯೇಸು ಹೇಳಿಕೊಟ್ಟ ಕ್ರಮ ಅದೇ.

ಒಂದು ವಿಷಯ ಮಾತ್ರ ಈ ಕ್ರಮಕ್ಕೆ ಸೇರುವುದಿಲ್ಲ. ಮಕ್ಕಳ ಮೇಲೆ, ಹೆಂಗಸರ ಮೇಲೆ ದೌರ್ಜನ್ಯ ಕಂಡರೆ, ಒಳಗಿನ ಮಾತು ಒಳಗೇ ಇರಲಿ ಅಂತ ಸುಮ್ಮನಿರುವುದು ನಿಷ್ಠೆಯಲ್ಲ. ಪೊಲೀಸರಿಗೆ ಹೇಳಿ. ಕಾಣಿಕೆ ಹಣದ ಲೆಕ್ಕ ಕೇಳಿದವರನ್ನು ವಿಶ್ವಾಸವಿಲ್ಲದವರು ಎಂದು ಬಾಯಿ ಮುಚ್ಚಿಸುವ ಕಡೆ ನಿಮ್ಮ ಬದ್ಧತೆ ಖರ್ಚಾಗಬೇಕಾಗಿಲ್ಲ. ಕ್ರಿಸ್ತನಿಗೆ ಒಪ್ಪಿಸಿಕೊಂಡವರು ಯಾವ ನಾಯಕನ ಕೈಗೂ ಮನಸ್ಸಾಕ್ಷಿಯನ್ನು ಒಪ್ಪಿಸಬೇಕಿಲ್ಲ.

7. ಜೊತೆಗೊಬ್ಬರು ಇರಲಿ

ಯೇಸು ಎಪ್ಪತ್ತು ಮಂದಿ ಶಿಷ್ಯರನ್ನು ಕಳಿಸಿದಾಗ ಇಬ್ಬಿಬ್ಬರಾಗಿ ಕಳಿಸಿದನು. ನಿಮಗೂ ಒಬ್ಬರು ಬೇಕು. ಹೊಗಳುವವರು ಬೇಡ, ಹೆದರಿಸುವವರೂ ಬೇಡ. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಇದ್ದರೆ ಮಾತು ಸಲೀಸು. ಎರಡು ವಾರಕ್ಕೊಮ್ಮೆ ಅರ್ಧ ಗಂಟೆ ಸಾಕು. ಮೂರೇ ಪ್ರಶ್ನೆ: ಬೈಬಲ್ ಓದು ಹೇಗಿದೆ? ಒಪ್ಪಿಕೊಂಡ ಕೆಲಸ ನಡೆಯುತ್ತಿದೆಯಾ? ಮನೆಯಲ್ಲಿ ಎಲ್ಲ ಸರಿ ಇದೆಯಾ? ಮೂರನೆಯದಕ್ಕೆ "ಹೂಂ, ಪರವಾಗಿಲ್ಲ" ಎಂಬ ಉತ್ತರ ಬಂದರೆ ಇನ್ನೊಮ್ಮೆ ಕೇಳಿ. ಅಲ್ಲಿ ಹೇಳಿದ್ದು ಪ್ರಾರ್ಥನಾ ವಿಷಯದ ಹೆಸರಿನಲ್ಲಿ ಕೂಡ ಹೊರಗೆ ಹೋಗಬಾರದು.

ಇಸ್ರಾಯೇಲ್ಯರ ನಾಯಕ ಮೋಶೆಗೆ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕೂತು ನ್ಯಾಯ ತೀರಿಸುತ್ತಿರುವುದು ಒಳ್ಳೆಯದಲ್ಲ ಎಂದು ಹೇಳಿದ್ದು ಮಾವ ಇತ್ರೋ. ಹೊರಗಿನಿಂದ ಬಂದು ಒಂದು ದಿನ ನೋಡಿದವನಿಗೆ ಅದು ಕಂಡಿತು. ಒಳಗಿದ್ದವರಿಗೆ ಕಾಣಲಿಲ್ಲ.

8. ಬಿಡುವುದಾದರೆ ಹೀಗೆ ಬಿಡಿ, ಬಿಟ್ಟಿದ್ದರೆ ಹೀಗೆ ಬನ್ನಿ

ಗಡುವು ಮುಗಿದು ಬಿಡುವುದು ತಪ್ಪಲ್ಲ. ಎರಡು ತಿಂಗಳು ಮೊದಲೇ ಹೇಳಿ. ಮುಂದೆ ಮಾಡುವವರನ್ನು ಕೆಲವು ವಾರ ಜೊತೆಗೆ ಕೂರಿಸಿಕೊಳ್ಳಿ. ಕೀ, ರಸೀದಿ ಪುಸ್ತಕ, ಉಳಿದ ಹಣ, ಫೋನ್ ನಂಬರ್‌ಗಳು, ಪಾಸ್‌ವರ್ಡ್ ಎಲ್ಲವನ್ನೂ ಪಟ್ಟಿ ಮಾಡಿ ಒಪ್ಪಿಸಿ, ಸಹಿ ಹಾಕಿಸಿಕೊಳ್ಳಿ. ಆಮೇಲೆ ಹೊಸಬರು ಮಾಡುವ ರೀತಿ ನೋಡಿ "ನಮ್ಮ ಕಾಲದಲ್ಲಿ ಹೀಗಿರಲಿಲ್ಲ" ಅನ್ನಬೇಡಿ. ಇದು ಎಲ್ಲಕ್ಕಿಂತ ಕಷ್ಟ.

ಅರ್ಧಕ್ಕೇ ಬಿಟ್ಟುಹೋಗಿ, ಈಗ ಬರಲು ನಾಚಿಕೆಪಡುತ್ತಿರುವವರು ಮಾರ್ಕನನ್ನು ನೋಡಿ. ಪೌಲ ಮತ್ತು ಅವನ ಜೊತೆಸೇವಕ ಬಾರ್ನಬನ ಜೊತೆ ಸುವಾರ್ತೆ ಸಾರಲು ಹೊರಟವನು ಪಂಫುಲ್ಯದ ಪೆರ್ಗದಿಂದಲೇ ಯೆರೂಸಲೇಮಿಗೆ ವಾಪಸ್ ಹೋದನು. ಕಾರಣ ಬೈಬಲ್ ಹೇಳುವುದಿಲ್ಲ. ಮುಂದಿನ ಪ್ರಯಾಣಕ್ಕೆ ಅವನು ಬೇಡವೇ ಬೇಡ ಎಂದು ಪೌಲ ಹಟ ಹಿಡಿದನು. ಅದೇ ಕಾರಣಕ್ಕೆ ಪೌಲನೂ ಬಾರ್ನಬನೂ ಬೇರೆಯಾದರು. ಬಾರ್ನಬ ಮಾತ್ರ ಮಾರ್ಕನನ್ನು ಬಿಡದೆ ಕುಪ್ರ ದ್ವೀಪಕ್ಕೆ ಕರೆದುಕೊಂಡು ಹೋದನು. ವರ್ಷಗಳಾದ ಮೇಲೆ ಸೆರೆಯಲ್ಲಿದ್ದ ಪೌಲ ತಿಮೊಥೆಯನಿಗೆ ಬರೆಯುತ್ತಾನೆ: ಮಾರ್ಕನನ್ನು ಕರೆದುಕೊಂಡು ಬಾ, ಸೇವೆಯಲ್ಲಿ ನನಗೆ ಉಪಯೋಗವಾಗುತ್ತಾನೆ (2 ತಿಮೊಥೆಯ 4:11). ಅದರ ಹಿಂದಿನ ವಚನದಲ್ಲೇ, ಲೋಕದ ಮೇಲಿನ ಆಸೆಗೆ ತನ್ನನ್ನು ಬಿಟ್ಟುಹೋದ ದೇಮನ ಹೆಸರಿದೆ. ಇಬ್ಬರೂ ಒಮ್ಮೆ ಬಿಟ್ಟುಹೋದವರೇ.

ಹಾಗಾಗಿ ಬರುವುದಾದರೆ ಮೊದಲು ನೀವು ಕೈಬಿಟ್ಟದ್ದರಿಂದ ತೊಂದರೆಯಾದವರ ಹತ್ತಿರ ಹೋಗಿ, "ಹೇಳದೆ ಬಿಟ್ಟುಹೋದೆ, ತಪ್ಪಾಯ್ತು ಅಕ್ಕಾ" ಅನ್ನಿ. ವಿವರಣೆ ಅವರು ಕೇಳಿದರೆ ಮಾತ್ರ. ಹಳೆಯ ಸ್ಥಾನ ಕೇಳಬೇಡಿ, ಅಲ್ಲಿ ಈಗ ಬೇರೆಯವರಿದ್ದಾರೆ. ಯಾರಿಗೂ ಬೇಡವಾದ ಒಂದು ಚಿಕ್ಕ ಕೆಲಸ ಹಿಡಿದು, ಮೂರು ತಿಂಗಳು ಹೊತ್ತಿಗೆ ಸರಿಯಾಗಿ ಮಾಡಿ. ಆಮೇಲೆ ದೊಡ್ಡ ಕೆಲಸದ ಮಾತು ತೆಗೆಯಿರಿ. ಇನ್ನು ನೀವು ಬಾರ್ನಬನ ಜಾಗದಲ್ಲಿದ್ದರೆ, ಹೀಗೆ ಬಂದವರಿಗೆ ಹಳೆಯದನ್ನು ಎತ್ತಿ ಆಡದೆ, ಮುಂದಿನ ಭಾನುವಾರ ಎಷ್ಟು ಹೊತ್ತಿಗೆ ಬರಬೇಕು ಅಂತ ಹೇಳಿ ಕಳಿಸಿ.